ಆದಿಲಕ್ಷ್ಮಿಯ ತೆರೆದ ಕಾರು

ಹೊಸೂರಿನ ಬಾಗಲೂರು ರಸ್ತೆಯಲ್ಲಿ ಮುನಿಯಲ್ಲಪ್ಪನ ಜೀಪು ಗೊತ್ತಿಲ್ಲದವರು ಕಡಿಮೆ. ಮೇಲಿನ ಹೊದಿಕೆ ಕಿತ್ತುಹಾಕಿ, ಹಿಂದೆ ಎರಡು ಮಖಮಲ್ಲಿನ ಕುರ್ಚಿ ಕೂರಿಸಿ, ಸುತ್ತಲೂ ಸೇವಂತಿಗೆ ಹಾರ ಇಳಿಬಿಟ್ಟು, ಅದರಲ್ಲಿ ಅವನು ಬಹಳ ವರ್ಷ ಮದುಮಕ್ಕಳ ಮೆರವಣಿಗೆ ಮಾಡಿಸಿದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ಸೇರಿಸುವಷ್ಟರಲ್ಲಿ ಜೀವ ಹೋಗಿತ್ತು. ಜೀಪು ಮನೆ ಮುಂದೆ ಹಾಗೇ ನಿಂತುಬಿಟ್ಟಿತು.

ಅವನ ಹೆಂಡತಿ ಆದಿಲಕ್ಷ್ಮಿಗೆ ಗಾಡಿ ಓಡಿಸಲು ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ, ಭಾನುವಾರ ಫ್ಯಾಕ್ಟರಿಗಳಿಗೆ ರಜೆ ಇದ್ದಾಗ, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗಳಲ್ಲಿ ಗಂಡನೇ ಕಲಿಸಿದ್ದ. ಆದರೆ ಮೆರವಣಿಗೆ ಗಾಡಿಯ ಕೆಲಸವೇ ಬೇರೆ. ಮುಂದೆ ತಮಟೆಯವರು ಕುಣಿಯುತ್ತಾರೆ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಓಡಿಸುವವರ ಎಡಗಾಲು ಸದಾ ಕ್ಲಚ್ಚಿನ ಮೇಲೇ ಇರಬೇಕು. ಅವಳ ಎಡ ಮಂಡಿ ಹಿಂದೊಮ್ಮೆ ಬಸ್ಸಿನಿಂದ ಬಿದ್ದಾಗ ಮುರಿದು ಸರಿಯಾಗಿ ಕೂಡಿಕೊಂಡಿರಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಒಂದು ದಿನ ಜೀಪು ಹೊರಗೆ ತೆಗೆದು, ಮೆರವಣಿಗೆಯ ಹಾಗೇ ನಿಧಾನಕ್ಕೆ ಓಡಿಸಿ ನೋಡಿದಳು. ರಸ್ತೆಯ ತಿರುವು ಬರುವ ಮೊದಲೇ ಮಂಡಿ ನಡುಗಿ ಎಂಜಿನ್ ನಿಂತಿತು. ತಳ್ಳಿಕೊಂಡು ಬರಲು ನೆರವಾದವನು ಪಕ್ಕದ ಬೀದಿಯ ಗ್ಯಾರೇಜಿನ ವೆಂಕಿ.

"ಅಕ್ಕ, ನಿಂಗೆ ಕ್ಲಚ್ ಆಗಲ್ಲ," ಎಂದ ವೆಂಕಿ. "ಆಟೋಮ್ಯಾಟಿಕ್ ತಕೊ. ಜೀಪಿನ ಕಾಲಾನೂ ಮುಗೀತು. ಈಗಿನ ಹುಡುಗ್ರು ಫಾರಿನ್ ಓಪನ್ ಕಾರೇ ಬೇಕು ಅಂತವ್ರೆ, ಬೆಂಗ್ಳೂರಿಂದ ತರಿಸ್ತಾವ್ರೆ."

"ಅದೇನು ನಮ್ಮಂಥೋರು ತಕೊಳ್ಳೋ ಗಾಡಿ ಏನ್ಲಾ?"

"ಹೊಸದಲ್ಲ ಅಕ್ಕ. ದುಡ್ಡಿರೋರು ಸ್ವಲ್ಪ ದಿನ ಓಡ್ಸಿ, ಬೇಜಾರಾಗಿ ಮೂಲೇಲಿ ನಿಲ್ಸಿರ್ತಾರಲ್ಲ, ಅಂಥಾದ್ದು."

ಮಗಳು ಮೇಘಶ್ರೀ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಅವಳಿಗೆ ಈ ಯೋಚನೆ ಹಿಡಿಸಲಿಲ್ಲ. ಅಪ್ಪನ ವಿಮೆಯ ಹಣಕ್ಕೆ ಜೀಪು ಮಾರಿ ಬರುವುದನ್ನೂ ಸೇರಿಸಿದರೆ ಊರಾಚೆ ಒಂದು ಸೈಟು ಬರುತ್ತದೆ ಎಂದಳು.

"ಸೈಟು ತಕೊಂಡು ನಾನೇನ್ ಮಾಡ್ಲವ್ವ," ಎಂದಳು ಆದಿಲಕ್ಷ್ಮಿ. "ಕುರ್ಚಿ ಹಾಕ್ಕೊಂಡು ನೋಡ್ತಾ ಕೂತ್ಕೊಳ್ಳಾ?"

ಮೇಘಶ್ರೀ ಆಮೇಲೆ ಆ ಮಾತು ಎತ್ತಲಿಲ್ಲ.

ಕಾರು ಸಿಕ್ಕಿದ್ದು ಕೃಷ್ಣಗಿರಿಯಲ್ಲಿ, ರವಿಕುಮಾರ್ ಎಂಬ ಗ್ರಾನೈಟ್ ವ್ಯಾಪಾರಿಯ ಹತ್ತಿರ. ಕಲ್ಲು ಕೊಯ್ಯುವ ಶೆಡ್ಡಿನ ಪಕ್ಕ ಟಾರ್ಪಾಲಿನ ಕೆಳಗೆ ನಿಂತಿತ್ತು. ಟಾರ್ಪಾಲು ಸರಿಸಿದಾಗ ಕಲ್ಲಿನ ಧೂಳಿನಡಿ ಕೆಂಪು ಬಣ್ಣ ಕಂಡಿತು. ಜರ್ಮನಿಯಿಂದ ಬಂದದ್ದು, ಎರಡೇ ಬಾಗಿಲು, ಹಿಂದೆ ಹೆಸರಿಗೆ ಎರಡು ಸೀಟು. ರವಿಕುಮಾರ್ ತಾನೇ ಮೂರನೆಯ ಮಾಲೀಕ. ಊರ ರಸ್ತೆಯ ಹಂಪುಗಳ ಮೇಲೆ ಅದರ ಹೊಟ್ಟೆ ಉಜ್ಜುತ್ತಿತ್ತು, ಅದಕ್ಕೇ ಬಿಟ್ಟುಬಿಟ್ಟಿದ್ದ. ಇನ್ನೊಂದು ದೋಷವನ್ನೂ ಅವನು ಮುಚ್ಚಿಡಲಿಲ್ಲ. ಗುಂಡಿ ಒತ್ತಿದರೆ ಮೇಲ್ಛಾವಣಿ ಅರ್ಧ ಎದ್ದು ಅಲ್ಲೇ ನಿಲ್ಲುತ್ತಿತ್ತು. ಸಾಮಾನು ಹೊರದೇಶದಿಂದ ಬರಬೇಕು, ಅದರ ಖರ್ಚು ಕೇಳಿದರೆ ತಲೆ ತಿರುಗುತ್ತದೆ ಎಂದ.

ವೆಂಕಿ ಬಾನೆಟ್ ಎತ್ತಿ, ಕೆಳಗೆ ಮಲಗಿ, ಎಲ್ಲ ನೋಡಿ ಎದ್ದ. ಎಂಜಿನ್ನಿಗೆ ತೊಂದರೆ ಇಲ್ಲ ಎಂದು ತಲೆ ಆಡಿಸಿದ. ಆದಿಲಕ್ಷ್ಮಿ ಒಮ್ಮೆ ಓಡಿಸಿ ನೋಡುತ್ತೇನೆ ಎಂದಳು.

"ಹೈವೇಗೆ ಹೋಗೋಣವಾ? ಇದರ ಸ್ಪೀಡ್ ಅಲ್ಲೇ ಗೊತ್ತಾಗೋದು," ಎಂದ ರವಿಕುಮಾರ್.

"ಬೇಡ ಸಾರ್, ಇಲ್ಲೇ ಸಾಕು. ಎಷ್ಟು ನಿಧಾನಕ್ಕೆ ಹೋಗ್ತದೆ ಅಂತ ನೋಡ್ಬೇಕು."

ರವಿಕುಮಾರ್ ವೆಂಕಿಯ ಮುಖ ನೋಡಿದ. ವೆಂಕಿ ಆಗಲೇ ಕಾರಿನ ಮುಂದೆ ಹೋಗಿ ತಮಟೆಯವರ ಹಾಗೆ ಹಿಂದಕ್ಕೆ ಹೆಜ್ಜೆ ಹಾಕತೊಡಗಿದ್ದ. ಆದಿಲಕ್ಷ್ಮಿ ಬ್ರೇಕಿನಿಂದ ಕಾಲು ತುಸು ಎತ್ತಿದಳು. ಕಾರು ತಾನಾಗಿ ತೆವಳಿತು. ವೆಂಕಿ ನಿಂತಾಗ ಒತ್ತಿದಳು, ನಿಂತಿತು. ಎತ್ತಿದಳು, ಹೊರಟಿತು. ಜರ್ಕು ಇಲ್ಲ, ಎಂಜಿನ್ ನಿಲ್ಲುವುದಿಲ್ಲ. ಕಲ್ಲಿನ ಚಪ್ಪಡಿಗಳ ಸಾಲಿನ ನಡುವೆ ಹೀಗೇ ಎರಡು ಸುತ್ತು ಬಂದಳು. ಎಡಗಾಲನ್ನು ಪಕ್ಕಕ್ಕೆ ಚಾಚಿ ಇಟ್ಟುಕೊಂಡಿದ್ದಳು. ಅದಕ್ಕೆ ಆ ಕಾರಿನಲ್ಲಿ ಕೆಲಸವೇ ಇರಲಿಲ್ಲ.

ಇಳಿದು ಬಂದು ವ್ಯಾಪಾರಕ್ಕೆ ನಿಂತಳು. "ಚಾವಣಿ ನಂಗೆ ಬೇಡವೇ ಬೇಡ ಸಾರ್. ಬೇಡದ್ದಕ್ಕೆ ಯಾಕೆ ದುಡ್ಡು ಕೊಡ್ಲಿ?"

ರವಿಕುಮಾರ್ ನಕ್ಕುಬಿಟ್ಟ. ಅವಳು ಹೇಳಿದ ಬೆಲೆಗೆ ಬರಲಿಲ್ಲ, ತಾನು ಹೇಳಿದ್ದಕ್ಕೂ ನಿಲ್ಲಲಿಲ್ಲ.

ಕಾಗದ ಪತ್ರ ಮುಗಿಸಿ ಕಾರು ತರುವ ದಿನ ಆಕಾಶ ತಿಳಿಯಾಗಿತ್ತು. ಶೂಳಗಿರಿ ಹತ್ತಿರ ಮಳೆ ಹಿಡಿಯಿತು. ಮೇಲ್ಸೇತುವೆಯ ಕೆಳಗೆ ಬೈಕಿನವರ ನಡುವೆ ಕಾರು ನುಗ್ಗಿಸುವಷ್ಟರಲ್ಲಿ ಅವಳೂ ವೆಂಕಿಯೂ ತೊಯ್ದು ತೊಪ್ಪೆಯಾಗಿದ್ದರು. ಕಾಲ ಕೆಳಗೆ ನೀರು ನಿಂತಿತ್ತು. ಹುಡುಗರು ಫೋನ್ ತೆಗೆದು ಕಾರಿನ ಪಕ್ಕ ನಿಂತು ಫೋಟೋ ಹೊಡೆದುಕೊಂಡರು. "ಚಾವಣಿ ಬೇಡ ಅಂದ್ಯಲ್ಲ ಅಕ್ಕ," ಎಂದು ವೆಂಕಿ ಅಂಗಿ ಹಿಂಡಿದ. ಅವಳು ಮಳೆ ನಿಂತ ಮೇಲೆ ಶೂಳಗಿರಿಯಲ್ಲೇ ಒಂದು ಒಳ್ಳೆಯ ಟಾರ್ಪಾಲು ಕೊಂಡಳು.

ಮೇಘಶ್ರೀ ಕಾರಿನ ಫೋಟೋಗಳನ್ನು ಫೋನಿನಲ್ಲಿ ಹತ್ತಾರು ಕಡೆ ಹಾಕಿದಳು. ಬೇಗನೆ ಮತ್ತಿಗಿರಿಯಿಂದ ಒಂದು ಮದುವೆಯವರು ಕೇಳಿದರು, ದಿನ ಗೊತ್ತಾಯಿತು. ಡ್ರೈವರ್ ಯಾರು ಎಂದು ಕೇಳಿದಾಗ ಆದಿಲಕ್ಷ್ಮಿ ತಾನೇ ಎಂದಳು. ಸಂಜೆ ಅವರೇ ಮತ್ತೆ ಫೋನ್ ಮಾಡಿದರು.

"ನಿಮ್ಮ ಮೇಲೇನಿಲ್ಲಮ್ಮ. ಮನೇಲಿ ಹಿರಿಯೋರು ಒಪ್ತಾ ಇಲ್ಲ. ಗಂಡ ಇಲ್ದೋರು ಮದುವೆ ಗಾಡೀಲಿ ಮುಂದೆ ಕೂತ್ಕೊಂಡ್ರೆ..."

"ಆಗಲಿ ಬಿಡಿ," ಎಂದು ಅವಳು ಫೋನ್ ಇಟ್ಟಳು. ಎರಡನೆಯವರು ಹೇಳಿದ್ದೂ ಅದನ್ನೇ. ಮೂರನೆಯವರು ಕೇಳಿದಾಗ ಅವಳು ವೆಂಕಿಯ ಹೆಸರು ಹೇಳಿದಳು.

ಆ ಮದುವೆ ಕಾಲವೆಲ್ಲ ವೆಂಕಿಯೇ ಓಡಿಸಿದ. ಗ್ಯಾರೇಜಿನವನ ಕಾಲು, ಸಣ್ಣಗೆ ಒತ್ತಿ ಗೊತ್ತಿಲ್ಲ. ಒಂದು ಕಡೆ ಗಾಡಿ ಮುಂದಕ್ಕೆ ಹಾರಿ ಗಂಡಿನ ಪೇಟ ಹೆಣ್ಣಿನ ಮಡಿಲಿಗೆ ಬಿತ್ತು. ಆದಿಲಕ್ಷ್ಮಿ ಹೂ ಕಟ್ಟಿ ಅಲಂಕಾರ ಮಾಡಿ ಕಳಿಸುತ್ತಿದ್ದಳು, ವಾಪಸು ಬಂದ ಮೇಲೆ ಒರೆಸುತ್ತಿದ್ದಳು. ಬಾಡಿಗೆ ಬರುತ್ತಿತ್ತು. ಆದರೂ ಅವಳು ಊಟದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿದ್ದನ್ನು ಮೇಘಶ್ರೀ ಗಮನಿಸಿದ್ದಳು.

ಒಂದು ಭಾನುವಾರ ಸಿಂಚನಾ ಎಂಬ ಹುಡುಗಿ ಕಾರು ನೋಡಲು ತಾನೇ ಬಂದಳು. ಊರು ಸಾನಮಾವು ಕಾಡಿನ ಅಂಚಿನಲ್ಲಿ, ಕೆಲಸ ಹೊಸೂರಿನ ಫ್ಯಾಕ್ಟರಿಯಲ್ಲಿ. ಮದುವೆ ಅವಳದ್ದೇ. ಚಿಕ್ಕವಳಿದ್ದಾಗಲೇ ತಂದೆ ತೀರಿಕೊಂಡಿದ್ದ. ತಾಯಿ ಭಾಗ್ಯಮ್ಮ ಗುಲಾಬಿ ತೋಟಗಳಲ್ಲಿ ಹೂ ಕೊಯ್ದು ಸಾಕಿದ್ದಳು.

"ಓಡ್ಸೋರು ಯಾರು ಆಂಟಿ?" ಎಂದು ಕೇಳಿದಳು ಸಿಂಚನಾ.

"ವೆಂಕಿ ಅಂತ ಅವ್ನೆ. ನಂಗೂ ಬತ್ತದೆ, ಆದ್ರೆ ನಮ್ಮೆಜಮಾನ್ರು ಹೋಗ್ಬುಟ್ರು ನೋಡು. ಮದುವೆಯೋರು ಬೇಡ ಅಂತಾರೆ."

ಸಿಂಚನಾ ಕಾರಿನ ಮುಂದಿನ ಸೀಟನ್ನೇ ನೋಡುತ್ತ ನಿಂತಳು. "ನಮ್ಮಮ್ಮ ಮೆರವಣಿಗೇಲಿ ಕೊನೆಗೆ ನಡ್ಕೊಂಡ್ ಬತ್ತೀನಿ ಅಂತವ್ಳೆ, ಯಾರ್ ಕಣ್ಣಿಗೂ ಬೀಳ್ದಂಗೆ. ಅವ್ಳು ಇಲ್ಲಿ ಮುಂದೆ ಕೂತ್ಕೋಬೇಕು. ನೀವೇ ಓಡ್ಸಿ ಆಂಟಿ."

"ಗಂಡಿನ ಕಡೆಯೋರು?"

"ಮುನೀಶ್‌ಗೆ ಹೇಳಿದೀನಿ, ಸರಿ ಅಂದ. ಅವ್ರ ಚಿಕ್ಕಪ್ಪಂಗೆ ಹೇಳಿಲ್ಲ."

ಸಿಂಚನಾಳ ಮದುವೆಯ ಮೆರವಣಿಗೆ ದೇವಸ್ಥಾನದಿಂದ ಗಂಡಿನ ಬಿಡಾರಕ್ಕೆ, ಊರಿನ ಉದ್ದಕ್ಕೂ. ಬೆಳಕಿರುವಾಗಲೇ ಮುಗಿಸಬೇಕು, ಪಟಾಕಿ ಹೊಡೆಯಬಾರದು ಎಂದು ಅರಣ್ಯ ಇಲಾಖೆಯವರು ಹೇಳಿದ್ದರು. ಆ ವಾರ ಆನೆಗಳು ರಾಗಿ ಹೊಲಕ್ಕೆ ಇಳಿದಿದ್ದವು. ಗಂಡು ಹೆಣ್ಣು ಹಿಂದಿನ ಸೀಟಿನ ಬೆನ್ನಿನ ಮೇಲೆ ಕೂತರು. ಭಾಗ್ಯಮ್ಮನನ್ನು ಮಗಳೇ ಕೈಹಿಡಿದು ತಂದು ಮುಂದೆ ಕೂರಿಸಿದಳು. ಆದಿಲಕ್ಷ್ಮಿ ಕಾರು ಚಾಲೂ ಮಾಡಿದಾಗ ಗಂಡಿನ ಚಿಕ್ಕಪ್ಪ ದಾಸಪ್ಪ ಬಾನೆಟ್ಟಿನ ಮುಂದೆ ಬಂದು ನಿಂತ. ತಮಟೆ ನಿಂತಿತು.

"ಏನಮ್ಮಾ ಇದು. ಶುಭಕಾರ್ಯದಲ್ಲಿ ಮುಂದೆ ಇಬ್ರೂ ಹಿಂಗೇ ಕೂತ್ಕೊಂಡ್ರೆ ನೋಡ್ದೋರು ಏನಂದಾರು? ಇಳೀರಿ. ಬೇರೆ ಡ್ರೈವರ್ ಕರೀರಿ."

ಭಾಗ್ಯಮ್ಮ ಬಾಗಿಲಿಗೆ ಕೈ ಹಾಕಿದಳು. ಆದಿಲಕ್ಷ್ಮಿ ಅವಳ ಮಣಿಕಟ್ಟು ಹಿಡಿದಳು. "ಕೂತ್ಕೊ," ಎಂದಳು ಮೆಲ್ಲಗೆ. ಆಮೇಲೆ ದಾಸಪ್ಪನ ಕಡೆ ತಿರುಗಿದಳು.

"ನನ್ನ ಕರೆಸಿದ್ದು ಮದುಮಗಳು ಸಾಮಿ. ಇಳಿ ಅಂತ ಅವ್ಳು ಹೇಳಿದ್ರೆ ಇಳೀತೀನಿ. ನೀವು ಹೇಳಿದ್ರೆ ಇಲ್ಲ."

ಮೇಲಿನಿಂದ ಮುನೀಶ್ ಹೇಳಿದ, "ಚಿಕ್ಕಪ್ಪ, ಬೆಳಕು ಹೋಯ್ತಾ ಐತೆ. ಹಿಂಗೇ ನಿಂತ್ಕೊಂಡ್ರೆ ಆನೆಗೋಳೇ ಮೆರವಣಿಗೆಗೆ ಬತ್ತವೆ. ದಾರಿ ಬುಡು."

ತಮಟೆಯವರಲ್ಲಿ ಒಬ್ಬ ನಕ್ಕ. ನಾಲ್ಕಾರು ಜನ ನಕ್ಕರು. ದಾಸಪ್ಪ ಪಕ್ಕಕ್ಕೆ ಸರಿದು, ಯಾರದೋ ಬೈಕ್ ಹತ್ತಿ ಬಿಡಾರಕ್ಕೆ ಹೋಗಿಬಿಟ್ಟ. ಅವನು ಆ ರಾತ್ರಿ ಊಟಕ್ಕೆ ಕೂರಲಿಲ್ಲ ಎಂದು ಆಮೇಲೆ ತಿಳಿಯಿತು.

ಆದಿಲಕ್ಷ್ಮಿ ಬ್ರೇಕಿನಿಂದ ಕಾಲು ಎತ್ತಿದಳು. ಕುಣಿಯುವವರ ಹೆಜ್ಜೆಗೆ ಸರಿಯಾಗಿ ಕಾರು ಸಾಗಿತು, ನಿಂತಿತು, ಸಾಗಿತು. ಭಾಗ್ಯಮ್ಮ ಮೊದಲು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ತಲೆ ತಗ್ಗಿಸಿಯೇ ಇದ್ದಳು. ಮನೆಮನೆಯ ಮುಂದೆ ಹೆಂಗಸರು ಆರತಿ ಹಿಡಿದು ಬಂದರು. ಕೆಲವರು ಮುಂದಿನ ಸೀಟಿನ ಕಡೆ ನೋಡದೆ ಮದುಮಕ್ಕಳಿಗೆ ಮಾತ್ರ ಬೆಳಗಿ ಹೋದರು. ಒಬ್ಬ ಮುದುಕಿ ಸುತ್ತಿ ಬಂದು ಭಾಗ್ಯಮ್ಮನ ಕೈಗೂ ಒಂದು ಮೊಳ ಮಲ್ಲಿಗೆ ಕೊಟ್ಟಳು. ಭಾಗ್ಯಮ್ಮ ಅದನ್ನು ಮುಡಿಯಲಿಲ್ಲ, ಕೈಯಲ್ಲೇ ಇಟ್ಟುಕೊಂಡಳು. ಆಮೇಲೆ ತಲೆ ಎತ್ತಿ ಊರಿನವರನ್ನು ನೋಡುತ್ತ ಬಂದಳು.

ಅಂದಿನಿಂದ ಆದಿಲಕ್ಷ್ಮಿ ಬೇರೆಯವರ ಕೈಗೆ ಕಾರು ಕೊಡಲಿಲ್ಲ. ಯಾರೇ ಫೋನ್ ಮಾಡಲಿ, ಬಾಡಿಗೆ ಹೇಳುವ ಮೊದಲೇ ಹೇಳುತ್ತಾಳೆ: "ನಮ್ಮೆಜಮಾನ್ರು ಇಲ್ಲ. ಗಾಡಿ ನಾನೇ ಓಡ್ಸೋದು. ಮನೇಲಿ ಕೇಳ್ಕೊಂಡು ಹೇಳಿ." ಅರ್ಧ ಜನ ಮತ್ತೆ ಫೋನ್ ಮಾಡುವುದಿಲ್ಲ. ಮಿಕ್ಕ ಅರ್ಧದಲ್ಲಿ ಸಂಸಾರ ನಡೆಯುತ್ತದೆ. ವೆಂಕಿಗೆ ಡ್ರೈವರ್ ಕೆಲಸ ತಪ್ಪಿತೆಂದು ಬೇಸರವೇನೂ ಆಗಲಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲ. ಈ ಸಲ ಆ ತಿಂಗಳಲ್ಲಿ ಒಂದು ಫ್ಯಾಕ್ಟರಿಯ ಕೆಲಸಗಾರರು ಬಂದು, ಚಿನ್ನಸ್ವಾಮಿ ಎಂಬ ತಮ್ಮ ಜತೆಯವರು ನಿವೃತ್ತರಾಗುತ್ತಿದ್ದಾರೆ, ಗೇಟಿನಿಂದ ಮನೆವರೆಗೆ ಮೆರವಣಿಗೆ ಮಾಡಿಸಬೇಕು ಎಂದರು. ಶಿಫ್ಟ್ ಬಿಡುವ ಹೊತ್ತಿಗೆ ಆದಿಲಕ್ಷ್ಮಿ ಗೇಟಿನ ಮುಂದೆ ಕಾರು ನಿಲ್ಲಿಸಿದಳು. ಕೊರಳ ತುಂಬ ಹಾರ ಹಾಕಿಕೊಂಡು ಬಂದ ಚಿನ್ನಸ್ವಾಮಿ ಹಿಂದೆ ಎತ್ತರದಲ್ಲಿ ಕೂರಲು ಒಪ್ಪಲಿಲ್ಲ.

"ಮೇಲೆ ಕೂತ್ರೆ ನಾಚ್ಕೆ ಆಯ್ತದಮ್ಮ. ನಿನ್ ಪಕ್ಕನೇ ಕೂತ್ಕೊಳ್ಳಾ?"

"ಕೂತ್ಕೊಳಿ ಅಣ್ಣ," ಎಂದಳು ಅವಳು. ಹಾರಗಳು ಬಾಗಿಲಿಗೆ ಸಿಕ್ಕದಂತೆ ಒಳಕ್ಕೆ ಎಳೆದುಕೊಟ್ಟಳು. ಹುಡುಗರು ತಮಟೆ ಶುರು ಮಾಡಿದರು.