ನೊವಾಕ್ ಎಂಬ ಮನೆಹೆಸರು

ನಮ್ಮ ಮೈಸೂರು ಸೀಮೆಯಲ್ಲಿ ಮನುಷ್ಯನಿಗೆ ಹೆಸರು ಒಂದೇ. ಅದರ ಮುಂದೆ ನಿಲ್ಲುವ ಅಕ್ಷರಗಳು ಮಾತ್ರ ಅವರವರ ಜಂಭಕ್ಕೆ ತಕ್ಕಷ್ಟು. ನನ್ನ ಹೆಸರಿನ ಮುಂದೆ ಮೂರಿವೆ: ಊರಿನದೊಂದು, ತಾತನದೊಂದು, ತಂದೆಯದೊಂದು. ಹುಣಸೂರಿನ ಮಿಡ್ಲ್ ಸ್ಕೂಲಿನ ಮೇಷ್ಟ್ರುಗಳ ಹಾಜರಿ ಪುಸ್ತಕದಲ್ಲಿ ನಾನು ಈ ಮೂರನ್ನೂ ಚುಕ್ಕೆಸಮೇತ ಬರೆದು ಸಹಿ ಮುಗಿಸುವಷ್ಟರಲ್ಲಿ ಹೆಡ್ ಮಾಸ್ತರರು, “ಛತ್ರಿ ಚಾಮರ ಎಲ್ಲ ಬಂತು, ಇನ್ನು ಪಲ್ಲಕ್ಕಿ ಯಾವಾಗ?” ಎಂದು ಹಾಸ್ಯ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಮೊದಲ ಅಕ್ಷರದ ಊರಿನಲ್ಲಿ ನಾನು ಒಟ್ಟಿಗೆ ಎಂಟು ದಿನ ಇದ್ದವನಲ್ಲ. ಅಲ್ಲಿ ನಮಗೊಂದು ಮನೆಯಿಲ್ಲ, ಒಂದು ಹುಣಿಸೆ ಮರವೂ ಇಲ್ಲ. ಆದರೂ ಆ ಅಕ್ಷರವನ್ನು ತೆಗೆದುಹಾಕಿ ಎಂದು ಯಾರಾದರೂ ಅಂದಿದ್ದರೆ ಜನಿವಾರಕ್ಕೇ ಕೈಹಾಕಿದರೆಂಬಂತೆ ಜಗಳಕ್ಕೆ ನಿಲ್ಲುತ್ತಿದ್ದೆ.

ಪರದೇಶದವರಲ್ಲಿ ಇದು ತಿರುವುಮುರುವು. ಅವರ ಗತ್ತೆಲ್ಲ ಹೆಸರಿನ ಹಿಂದೆ. ಇದು ನನಗೆ ತಿಳಿದದ್ದು ನೊವಾಕ್ ಸಾಹೇಬರಿಂದ.

ಲಕ್ಷ್ಮಣತೀರ್ಥದ ಆಚೆ ದಡದಲ್ಲಿ ಆಗ ಚರ್ಮ ಹದಮಾಡುವ ಕಾರ್ಖಾನೆಯೊಂದಿತ್ತು. ಗಾಳಿ ಈಚೆಗೆ ತಿರುಗಿದ ದಿನ ನಮ್ಮ ಬೀದಿಯವರೆಲ್ಲ ಅನಿವಾರ್ಯವಾಗಿ ಪ್ರಾಣಾಯಾಮ ಕಲಿಯುತ್ತಿದ್ದರು. ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ಅಲ್ಲಿಗೆ, ತಮ್ಮ ದೇಶದ ಪಾದರಕ್ಷೆಯ ಕಂಪನಿಯೊಂದಕ್ಕೆ ಒಳ್ಳೆಯ ಚರ್ಮ ಆರಿಸಿ ಕಳಿಸಲು, ಚೆಕ್ ಜನಾಂಗದ ಈ ನೊವಾಕ್ ಸಾಹೇಬರು ಬಂದರು. ಆರು ತಿಂಗಳಿಗೆಂದು ಬಂದವರು. ಅಷ್ಟರಲ್ಲಿ ಜರ್ಮನರು ಅವರ ದೇಶವನ್ನೇ ನುಂಗಿಬಿಟ್ಟರು. ಹೋಗಲು ಊರಿಲ್ಲ, ಬರಲು ಕಾಗದವಿಲ್ಲ. ಸಾಹೇಬರು ನಮ್ಮ ಬೀದಿಯಲ್ಲೇ ಎರಡು ಮನೆ ಆಚೆ ಬಾಡಿಗೆಗೆ ಉಳಿದುಕೊಂಡರು. ಸಂಜೆ ನಮ್ಮ ಜಗಲಿಗೆ ಬಂದು ಕನ್ನಡ ಕಲಿಯುವುದು, ನನ್ನ ಹೆಂಡತಿ ಕೊಟ್ಟ ಹುರಿಗಾಳು ತಿನ್ನುವುದು ಅವರ ದಿನಚರಿಯಾಯಿತು. ಎರಡನೆಯದರಲ್ಲಿ ಅವರ ಪ್ರಗತಿ ಚೆನ್ನಾಗಿತ್ತು.

ಒಂದು ಸಂಜೆ ನನ್ನ ಮೂರು ಅಕ್ಷರಗಳ ಮಹಿಮೆಯನ್ನು ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ವರ್ಣಿಸಿ, ನಿಮ್ಮ ನೊವಾಕ್ ಯಾವ ಊರು, ಎಂದು ಕೇಳಿದೆ. ಅದು ಊರೂ ಅಲ್ಲ, ತಾತನೂ ಅಲ್ಲ, ಎಂದರು ಅವರು. ನೊವಾಕ್ ಎಂದರೆ ಹೊಸಬ, ಎಲ್ಲಿಂದಲೋ ಹೊಸದಾಗಿ ಬಂದು ಸೇರಿದವನು. ಹೊಸ ಜೋಡು ಹೊಲಿಯುವವನಿಗೂ ಹಿಂದೆ ಹಾಗೆ ಅನ್ನುತ್ತಿದ್ದರೆಂದು ಕೆಲವರು ಹೇಳುತ್ತಾರಂತೆ. ಚರ್ಮದ ಕೆಲಸಕ್ಕೆ ಬಂದ ತಮಗೆ ಅದೂ ಸಲ್ಲುತ್ತದೆ ಎಂದು ನಕ್ಕರು. ಆದರೆ ಬಹುಮಂದಿಗೆ ಆ ಹೆಸರು ಬಂದದ್ದು ಮೊದಲನೆಯ ಬಗೆಯಲ್ಲೇ. ಶತಮಾನಗಳ ಹಿಂದೆ ಯುದ್ಧ, ಸಾಂಕ್ರಾಮಿಕ ರೋಗ ಬಂದು ಹಳ್ಳಿಗಳು ಬರಿದಾದವು. ಪಾಳುಬಿದ್ದ ಮನೆಗೆ, ಬೀಳುಬಿದ್ದ ಹೊಲಕ್ಕೆ, ಹೆಗಲ ಮೇಲೊಂದು ಗಂಟು ಹೊತ್ತು ಯಾವನೋ ಬಂದ. ಊರ ಲೆಕ್ಕಿಗ ಅವನ ಹೆಸರಿನ ಪಕ್ಕದಲ್ಲಿ ‘ಹೊಸಬ’ ಎಂದು ಬರೆದ. ಆಮೇಲೆ ಯಾವನೋ ಚಕ್ರವರ್ತಿ, ಎಲ್ಲರಿಗೂ ಬದಲಾಗದ ಮನೆಹೆಸರಿರಬೇಕು ಎಂದು ಆಜ್ಞೆ ಮಾಡಿದ್ದರಿಂದ ಹೊಸಬನ ಮಗ, ಮೊಮ್ಮಗ, ಮರಿಮಗ ಎಲ್ಲರೂ ಶಾಶ್ವತವಾಗಿ ಹೊಸಬರಾಗಿಯೇ ಉಳಿದರು.

“ಹಾಗಾದರೆ ನಿಮ್ಮಂಥವರು ಅಲ್ಲಿ ಅಪರೂಪವಿರಬೇಕು,” ಎಂದೆ, ಸ್ವಲ್ಪ ಕನಿಕರದಿಂದ.

ಸಾಹೇಬರು ಹುರಿಗಾಳಿನ ಬಟ್ಟಲನ್ನು ಕೆಳಗಿಟ್ಟರು. ತಮ್ಮ ದೇಶದಲ್ಲಿ ಅತಿ ಹೆಚ್ಚು ಜನಕ್ಕಿರುವ ಮನೆಹೆಸರು ಇದೇ, ಎಂದರು. ಅವರ ಒಂದೇ ತರಗತಿಯಲ್ಲಿ ಐವರು ನೊವಾಕರಿದ್ದರಂತೆ. ಉಪಾಧ್ಯಾಯರು ಗಿರಣಿಯ ನೊವಾಕ್, ಗುಡ್ಡದ ನೊವಾಕ್ ಎಂದು ಗುರುತಿಟ್ಟು ಕೂಗಬೇಕಾಗಿತ್ತಂತೆ. ಹೆಣ್ಣುಮಕ್ಕಳಾದರೆ ನೊವಾಕೊವಾ. ಗಡಿಯಾಚೆಯ ಪೋಲೆಂಡಿನಲ್ಲೂ ಕಾಗುಣಿತದ ಸಣ್ಣ ಬದಲಾವಣೆಯೊಡನೆ ಅದೇ ಹೆಸರು, ದಕ್ಷಿಣದ ಸ್ಲೊವೀನರಲ್ಲೂ ಅದೇ, ಕ್ರೊವಾಟರಲ್ಲೂ ಅದೇ. ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ಊರೂರಿನಲ್ಲೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹೊಸಬರು ಬಂದಿದ್ದರು, ಅಷ್ಟೇ.

ಓದುಗ ಮಹಾಶಯರೇ, ನನಗೆ ಮೈ ಜುಮ್ಮೆಂದಿತು. ಅರ್ಧ ಖಂಡವನ್ನು ತುಂಬಿರುವ ಜನಕೋಟಿ, ಅವರಲ್ಲಿ ಎಲ್ಲರಿಗಿಂತ ಹೆಚ್ಚು ಬಳಕೆಯಲ್ಲಿರುವ ಹೆಸರು ರಾಜನದಲ್ಲ, ವೀರನದಲ್ಲ, ದೇವರದೂ ಅಲ್ಲ. ದಾರಿ ತಪ್ಪಿಯೋ ದಿಕ್ಕು ತಪ್ಪಿಯೋ ಬಂದು ಹೊಸ್ತಿಲಲ್ಲಿ ನಿಂತ ಯಾವನೋ ಒಬ್ಬನದು! ಅಂಥವನು ಒಬ್ಬನಲ್ಲ, ಸಾವಿರಾರು. ಅವರೆಲ್ಲ ಗಂಟು ಇಳಿಸಿ, ನೀರು ಕೇಳಿ, ಉತ್ತು ಬಿತ್ತು, ಮಕ್ಕಳನ್ನು ಹೆತ್ತು, ಆ ನೆಲಕ್ಕೆ ಅವರೇ ಹಳಬರಾದರು. ಹೆಸರು ಮಾತ್ರ ಅವರು ಬಂದ ದಿನವನ್ನು ಮರೆಯದೆ ಇಟ್ಟುಕೊಂಡಿತು. ನನ್ನ ಮೂರು ಅಕ್ಷರಗಳು ಅವತ್ತು ನನಗೆ ಬಹಳ ಸಣ್ಣವಾಗಿ ಕಂಡವು.

ಈ ಮಾತು ನಡೆಯುತ್ತಿದ್ದಾಗ ಜಗಲಿಯ ಮೆಟ್ಟಿಲ ಮೇಲೆ ಇನ್ನೊಬ್ಬರು ಕಾದು ಕುಳಿತಿದ್ದರು. ಅವರು ಕಾಳೇಗೌಡ, ಬಿಳಿಕೆರೆಯಿಂದ ಒಂದು ಮೈಲಿ ಒಳಗಿರುವ ಹಳ್ಳಿಯೊಂದರ ರೈತ. (ಹಳ್ಳಿಯ ಹೆಸರು ಬೇಡ, ಈಗಲೂ ನನ್ನನ್ನು ಅಲ್ಲಿ ಊಟಕ್ಕೆ ಕರೆಯುತ್ತಾರೆ.) ಬೇಸಾಯದ ಬಿಡುವಿನಲ್ಲಿ ತಂಗಡಿ ಗಿಡದ ತೊಗಟೆ ಸುಲಿದು, ಚರ್ಮ ಹದಮಾಡಲು ಬೇಕೆಂದು ಗಾಡಿಯಲ್ಲಿ ಕಾರ್ಖಾನೆಗೆ ತರುತ್ತಿದ್ದವರು. ನಾನು ಉತ್ಸಾಹದಿಂದ ಅವರಿಗೂ ವಿಷಯ ಹೇಳಿದೆ: ಕೇಳಿದಿರಾ ಗೌಡರೇ, ಸಾಹೇಬರ ಮನೆಹೆಸರೂ ಹೊಸಬರಂತೆ.

ಕಾಳೇಗೌಡ ನಗಲಿಲ್ಲ. “ಅವ್ರನ್ನೂವೆ ಅಂಗೇ ಕೂಗ್ತಾರಾ ಸ್ವಾಮಿ?” ಎಂದರು.

ಏಕೆಂದರೆ ಅವರ ಮನೆಗೆ ಆ ಹಳ್ಳಿಯಲ್ಲಿದ್ದ ಹೆಸರು ಅದೇ. ಅವರ ಹುಟ್ಟೂರು, ಅದರ ಪಕ್ಕದಲ್ಲೇ ಇದ್ದ ಅವರ ಹೆಂಡತಿ ಸಿದ್ದಮ್ಮನ ಊರು, ಎರಡೂ ಕನ್ನಂಬಾಡಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ್ದವು. ಗಂಡ ಹೆಂಡಿರು ಜೋಡೆತ್ತು ಹೊಡೆದುಕೊಂಡು ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಮಗಳು ಚಿಕ್ಕತಾಯಿ ಇಲ್ಲೇ ಹುಟ್ಟಿದವಳು. ಆದರೂ ‘ಹೊಸಬ್ರ ಕಾಳಣ್ಣ’, ‘ಹೊಸಬ್ರ ಹಟ್ಟಿ’. ಅದಷ್ಟೇ ಆಗಿದ್ದರೆ ಅವರು ನುಂಗಿಕೊಳ್ಳುತ್ತಿದ್ದರು. ನುಂಗಲಾಗದ್ದು ವೀಳ್ಯ.

ನಮ್ಮ ಕಡೆಯ ಮದುವೆಗಳಲ್ಲಿ ಧಾರೆಯಾದ ಮೇಲೆ ಊರ ಯಜಮಾನ ಒಂದೊಂದು ಮನೆಯ ಹೆಸರು ಹಿಡಿದು ಎಲೆ ಅಡಿಕೆ ಕೂಗಿ ಕೊಡುವ ಪದ್ಧತಿ ನಿಮಗೆ ಗೊತ್ತಿರಬಹುದು. ಮೊದಲು ಗುಡಿಯ ವೀಳ್ಯ, ಆಮೇಲೆ ಊರ ಸಾಲು, ಅಂದರೆ ಊರಿನ ಮನೆಗಳು ಕ್ರಮವಾಗಿ. ಕೊನೆಗೆ ಪರಸ್ಥಳದ ಸಾಲು, ಅಂದರೆ ಹೊರಗಿನಿಂದ ಬಂದ ನೆಂಟರು. ಈ ಕ್ರಮ ತಪ್ಪಿದರೆ ಮೂರು ತಲೆಮಾರಿನ ಜಗಳ ಗ್ಯಾರಂಟಿ. ಕಾಳೇಗೌಡರ ಮನೆಯ ವೀಳ್ಯವನ್ನು ಇಪ್ಪತ್ತು ವರ್ಷದಿಂದಲೂ ಪರಸ್ಥಳದ ಸಾಲಿನಲ್ಲಿ, ಅದೂ ಕಟ್ಟಕಡೆಗೆ, ಕೂಗುತ್ತಿದ್ದರು. ಈಗ ಚಿಕ್ಕತಾಯಿಗೆ ಪಿರಿಯಾಪಟ್ಟಣದ ಕಡೆ ಗಂಡು ಗೊತ್ತಾಗಿತ್ತು. ತಮ್ಮದೇ ಚಪ್ಪರದಲ್ಲಿ ತಾವೇ ನೆಂಟರಾಗಿ ವೀಳ್ಯ ತೆಗೆದುಕೊಳ್ಳುವುದನ್ನು ಬೀಗರು ನೋಡುತ್ತಾರಲ್ಲ ಎಂಬುದು ಅವರ ಸಂಕಟ.

“ನನ್ ಎಂಡ್ರಿಗೆ ತವ್ರೂರು ನೀರ್‌ಪಾಲಾಯ್ತು ಸ್ವಾಮಿ,” ಎಂದರು. “ಗೌರಿ ಅಬ್ಬಕ್ಕೆ ಬಾರವ್ವ ಅನ್ನೋರಿಲ್ದೆ ಇಪ್ಪತ್ತೊರ್ಸ ಒಲೆ ಮುಂದೆ ಕುಂತವ್ಳೆ. ಮಗ್ಳಿಗಾದ್ರೂ ಒಂದು ತವ್ರೂರು ಅಂತ ಇರ್ಲಿ. ಊರ್ ಸಾಲ್ನಲ್ಲಿ ಒಂದ್ಸಲ ನಮ್ಮನೆ ಕೂಗ್ಲಿ, ಅಷ್ಟೇಯ. ದೊಡ್ಡೇಗೌಡ್ರಿಗೆ ನೀವೊಂದ್ ಮಾತು ಯೋಳಿ. ನಿಮ್ ಮಾತು ಕೇಳ್ತಾರೆ.”

ದೊಡ್ಡೇಗೌಡರು ಆ ಊರಿನ ಯಜಮಾನರು. ಅವರ ಮಗ ನನ್ನ ಶಿಷ್ಯ. ಆಗಲಿ ಎಂದೆ. ಮದುವೆಗೆ ಮುಂಚೆ ಎರಡು ಬಾರಿ ಅವರ ಮನೆಗೂ ಹೋದೆ. ಎರಡು ಸಲವೂ ಅವರು ಮಜ್ಜಿಗೆ ಕೊಟ್ಟು, ಚೀಲ ತುಂಬ ಅವರೆಕಾಯಿ ಕೊಟ್ಟು, ಮಳೆ ಬೆಳೆ ಮಾತಾಡಿ ಕಳಿಸಿದರು. ಊರ ಕಟ್ಟಳೆಯಲ್ಲಿ ಪರಸ್ಥಳದ ಮೇಷ್ಟರು ಮೂಗು ತೂರಿಸುವುದು ಹೇಗೆಂದು ನನ್ನ ನಾಲಗೆ ಏಳಲೇ ಇಲ್ಲ. ಅವರೆಕಾಯಿ ಹೊತ್ತು ತಂದೆ, ಮಾತನ್ನೂ ಹಾಗೇ ವಾಪಸು ತಂದೆ. ಹಿತಕಿದ ಬೇಳೆಯ ಸಾರು ಅಷ್ಟು ಕಹಿಯಾಗಿದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮದುವೆಯ ದಿನ ನೊವಾಕ್ ಸಾಹೇಬರೂ ನಾನೂ ಬಿಳಿಕೆರೆಯಲ್ಲಿ ಬಸ್ಸಿಳಿದು ನಡೆದು ಹೋದೆವು. ಸಾಹೇಬರು ಚಾಪೆಯ ಮೇಲೆ ಕಾಲು ಮಡಿಸಲು ಪಟ್ಟ ಪಾಡನ್ನು ಮಕ್ಕಳು ಧಾರೆಗಿಂತ ಹೆಚ್ಚು ಶ್ರದ್ಧೆಯಿಂದ ನೋಡಿದವು. ಧಾರೆಯಾಯಿತು. ಕಾಳೇಗೌಡರೇ ವೀಳ್ಯದ ಹರಿವಾಣ ಹಿಡಿದು ನಿಂತರು, ದೊಡ್ಡೇಗೌಡರು ಕೂಗತೊಡಗಿದರು. ಗುಡಿಯ ವೀಳ್ಯ. ಪಟೇಲರ ಮನೆ ವೀಳ್ಯ. ತಮ್ಮದೇ ಮನೆಯ ವೀಳ್ಯ. ಕೆರೆಕೋಡಿಯವರ ಮನೆ ವೀಳ್ಯ. ಕೂಗಿದವರು ಬಂದು ತೆಗೆದುಕೊಂಡು ಹೋದರು. ಊರ ಸಾಲು ಮುಗಿಯಿತು. ಕಾಳೇಗೌಡರು ಒಮ್ಮೆ ನನ್ನ ಕಡೆ ನೋಡಿದರು. ನಾನು ಚಪ್ಪರದ ಮಾವಿನ ಸೊಪ್ಪನ್ನು ನೋಡಿದೆ.

ಪರಸ್ಥಳದ ಸಾಲಿನಲ್ಲಿ ಪಿರಿಯಾಪಟ್ಟಣದ ಬೀಗರದಾಯಿತು, ಹುಣಸೂರು ಮೇಷ್ಟರದೂ ಆಯಿತು. ಮುಂದಿನದು ಸಾಹೇಬರದು. ದೊಡ್ಡೇಗೌಡರು ನಿಂತರು. “ಸಾಯೇಬ್ರುದು ಯಾವೂರು ಮೇಷ್ಟ್ರೇ? ಊರಿಲ್ದೆ ಕೂಗೋದೆಂಗೆ?”

ನಾನು ಸಾಹೇಬರನ್ನು ಕೇಳಿದೆ. ಅವರು, ನನ್ನ ಊರು ಈಗ ಬೇರೆಯವರ ಕೈಯಲ್ಲಿದೆ, ಅಲ್ಲಿಯ ಹೆಸರಿನ ಹಲಗೆಯನ್ನೂ ಬದಲಾಯಿಸಿದ್ದಾರಂತೆ, ಮನೆಹೆಸರಿನಿಂದಲೇ ಕೂಗಲಿ, ಎಂದರು. ನಾನು ಎದ್ದು ನಿಂತೆ. ನನ್ನೊಳಗಿನ ಹೇಡಿ ಕುಳಿತೇ ಇದ್ದ, ಎದ್ದವನು ಮೇಷ್ಟ್ರು ಮಾತ್ರ. ಆದರೆ ಪಾಠ ಒಂದು ಸಲ ಶುರುವಾದರೆ ಮೇಷ್ಟ್ರನ್ನು ತಡೆಯುವವರುಂಟೇ? ಸಾಹೇಬರ ಮನೆಹೆಸರು ಹೊಸಬರು ಎಂದೆ. ಅವರ ದೇಶದಲ್ಲಿ ಊರಿಗೊಂದು ಹೊಸಬರ ಮನೆಯಿದೆ, ಎಲ್ಲಕ್ಕಿಂತ ಹೆಚ್ಚು ಇರುವುದೇ ಆ ಮನೆಗಳು ಎಂದೆ. ಅವರು ಎಲ್ಲಿಂದ ಬಂದರೆಂಬುದು ಈಗ ಯಾರಿಗೂ ನೆನಪಿಲ್ಲ, ಅಲ್ಲಿ ಊರೆಂದರೆ ಅವರೇ ಎಂದೆ.

“ಅಂಗಾರೆ ಹೊಸಬ್ರನ್ನ ಪರಸ್ತಳಕ್ಕೆ ಕೂರ್ಸುದ್ರೆ ಆ ದೇಸದಾಗೆ ಊರ್ ಸಾಲ್ನಲ್ಲಿ ನರಪಿಳ್ಳೆನೂ ಇರಾಕಿಲ್ಲ ಅನ್ನಿ!” ಎಂದರು ದೊಡ್ಡೇಗೌಡರು. ಚಪ್ಪರವೆಲ್ಲ ನಕ್ಕಿತು.

ಹೆಂಗಸರ ಕಡೆಯಿಂದ ದೊಡ್ಡೇಗೌಡರ ಸೋದರತ್ತೆ ಕೆಂಪಮ್ಮನ ದನಿ ಎದ್ದಿತು. ಹಲ್ಲಿಲ್ಲದ ಮುದುಕಿ, ಊರಿಗೆಲ್ಲ ಹಿರಿಯಳು. “ನಗ್ಬ್ಯಾಡ ಕಣ್ಲಾ ದೊಡ್ಡ. ನಮ್ ಮನೆದೇವ್ರು ಎಲ್ಲದೆ ಯೋಳು?”

ವರ್ಷಕ್ಕೊಮ್ಮೆ ದೊಡ್ಡೇಗೌಡರ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಮನೆದೇವರ ಪೂಜೆಗೆ ಹಂಪಾಪುರದಾಚೆ ಹೋಗುವುದು ಎಲ್ಲರಿಗೂ ಗೊತ್ತಿತ್ತು. ಮುದುಕಿ ತಾನೇ ಮುಂದುವರಿಸಿದಳು:

“ಅಂಪಾಪುರದಾಚೆ ದೇವ್ರ ಬುಟ್ಟು ನಮ್ ಮುತ್ತಾತ ಇಲ್ಲಿಗೆ ಬಂದಾಗ ಇಲ್ಲಿದ್ದೋರು ಅವುನ್ನ ಏನಂತ ಕರುದ್ರೋ ಯಾವನ್ ಕಂಡವ್ನೆ? ಪಟೇಲ್ರ ದೇವ್ರು ಎಡತೊರೆ ಕಡೆ. ಕೆರೆಕೋಡಿಯೋರ್ದು ಕ್ವಾಟೆ ಸೀಮೆ ಕಾಡಂಚ್ನಲ್ಲಿ. ಮನೆದೇವ್ರು ಈ ಊರ್ನಲ್ಲೇ ಇರೋ ಒಂದ್ ಮನೆ ತೋರ್ಸು ನೋಡನ. ಕಾಳಣ್ಣಂದು ನೀರೊಳಗದೆ, ಅಷ್ಟೇಯ.”

ಚಪ್ಪರದಲ್ಲಿ ಕುಳಿತಿದ್ದ ಒಬ್ಬೊಬ್ಬರೂ ತಮ್ಮ ತಮ್ಮ ದೇವರು ಎಷ್ಟು ಹರದಾರಿ ದೂರವಿದೆಯೆಂದು ಮನಸ್ಸಿನಲ್ಲೇ ಗಾಡಿ ಹೊಡೆದುಕೊಂಡು ಹೋಗಿ ಬರುತ್ತಿದ್ದಂತಿತ್ತು. ನಾನೂ ಹೋದೆ. ನಮ್ಮ ಮನೆದೇವರು ಏಳು ಬೆಟ್ಟದ ಮೇಲಿನವನು, ತೆಲುಗು ಸೀಮೆಯಲ್ಲಿದ್ದಾನೆ. ಎಂದರೆ ನನ್ನ ಹೆಸರಿನ ಮೊದಲಕ್ಷರದ ಆ ಊರಿಗೂ ನಾವು ಯಾವತ್ತೋ ಗಂಟು ಹೊತ್ತು ಬಂದವರೇ. ನಲವತ್ತು ವರ್ಷ ದಿನವೂ ಕೈಮುಗಿದರೂ ಇದು ನನಗೆ ಹೊಳೆದಿರಲಿಲ್ಲ. ಆ ಚಪ್ಪರದಲ್ಲಿ ನೊವಾಕ್ ಒಬ್ಬರೇ ಇದ್ದಾರೆಂದು ನಾನು ತಿಳಿದಿದ್ದೆ. ನೋಡಿದರೆ ನೂರೈವತ್ತು ಜನ ನೊವಾಕರು ಎಲೆ ಅಡಿಕೆ ಹಿಡಿದು ಕುಳಿತಿದ್ದರು. ಅವತ್ತಿನ ಬೆರಗು ಇವತ್ತಿಗೂ ನನ್ನಲ್ಲಿ ಇಳಿದಿಲ್ಲ.

ದೊಡ್ಡೇಗೌಡರು ಹೆಗಲ ವಲ್ಲಿ ತೆಗೆದು ಮುಖ ಒರೆಸಿಕೊಂಡರು. ನಡುವೆ ಒಂದು ಮನೆಯನ್ನು ತೂರಿಸಿ ಕೂಗುವಂತಿಲ್ಲ. ತಪ್ಪಿದರೆ ಮೊದಲಿನಿಂದ ಕೂಗಬೇಕೆಂಬುದೇ ಕಟ್ಟಳೆ. “ವೀಳ್ಯ ಎಲ್ಲಾ ಅರಿವಾಣಕ್ಕೆ ವಾಪಸ್ ಆಕ್ರಪ್ಪಾ,” ಎಂದರು. ಎಲ್ಲರೂ ಎದ್ದು ಒಬ್ಬೊಬ್ಬರಾಗಿ ಹಾಕಿದರು. ಪಟೇಲರ ತಮ್ಮ ಆಗಲೇ ಜಗಿದು ಮುಗಿಸಿದ್ದರಿಂದ, ಕೆಂಪು ಬಾಯಿ ಮುಚ್ಚಿಕೊಂಡು ಮನೆಗೆ ಓಡಿ ಬೇರೆ ಎಲೆ ತಂದು ಹಾಕಬೇಕಾಯಿತು.

ಮತ್ತೆ ಗುಡಿಯ ವೀಳ್ಯ, ಪಟೇಲರದು, ದೊಡ್ಡೇಗೌಡರದು, ಕೆರೆಕೋಡಿಯವರದು.

“ಹೊಸಬ್ರ ಮನೆ ವೀಳ್ಯಾ!”

ಯಾರೂ ಮುಂದೆ ಬರಲಿಲ್ಲ. ಕಾಳೇಗೌಡರು ಹರಿವಾಣ ಹಿಡಿದುಕೊಂಡೇ, ಕೂಗಿಸಿಕೊಂಡವರು ಬರಲಿ ಎಂದು ಜನರ ಕಡೆ ನೋಡುತ್ತ ನಿಂತಿದ್ದರು. ಇಪ್ಪತ್ತು ವರ್ಷದ ಅಭ್ಯಾಸ. ಈ ಸಾಲಿನಲ್ಲಿ ಅವರ ಕಿವಿಗೆ ಕೆಲಸವೇ ಇರಲಿಲ್ಲ. ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ಚಿಕ್ಕತಾಯಿ ತಲೆಯೆತ್ತಿದಳು. “ಅಪ್ಪಯ್ಯ, ನಮ್ಮನೆ ಕಣಪ್ಪ. ತಕೊ.”

ದೊಡ್ಡೇಗೌಡರು ಹರಿವಾಣವನ್ನು ತಾವೇ ತೆಗೆದುಕೊಂಡು ಹಿಡಿದರು. ಕಾಳೇಗೌಡರು ಎರಡೂ ಕೈಯಲ್ಲಿ ವೀಳ್ಯ ಎತ್ತಿ ಕಣ್ಣಿಗೊತ್ತಿಕೊಂಡರು. ಮುಳುಗಿದ ಊರಿನ ಹೆಸರು ಹಿಡಿದು ಕೂಗಿ ಎಂದು ಕೇಳಿಯಾರೆಂದು ನಾನು ಎಣಿಸಿದ್ದೆ. ಕೇಳಲಿಲ್ಲ. ಇಪ್ಪತ್ತು ವರ್ಷ ತಮ್ಮನ್ನು ಸುಟ್ಟ ಹೆಸರನ್ನೇ ಆ ಸಾಲಿನಲ್ಲಿ ಕೂಗಿದ ಮೇಲೆ ಅವರಿಗೆ ಸಾಕಾಗಿತ್ತು. ಸಾಹೇಬರದನ್ನು ಪರಸ್ಥಳದಲ್ಲೇ ಕೂಗಿದರು. ಅವರು ಕಾಳೇಗೌಡರನ್ನು ನೋಡಿ ಹಾಗೆಯೇ ಕಣ್ಣಿಗೊತ್ತಿಕೊಂಡರು.

ಬಿಸಿಲಿಳಿದ ಮೇಲೆ ಬೀಗರ ಗಾಡಿ ಹೊರಟಿತು. ಸಿದ್ದಮ್ಮ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿದ್ದಿಲ್ಲ. ಮಗಳ ಮಡಿಲು ತುಂಬುವಾಗಲೂ ಇಲ್ಲ. ಗಾಡಿ ಊರ ಬಾಗಿಲು ದಾಟುವಾಗ ದೊಡ್ಡೇಗೌಡರು ಮೂಕಿಮರಕ್ಕೆ ಕೈಯೊಡ್ಡಿ ನಿಲ್ಲಿಸಿ, ಗಂಡಿನ ತಂದೆಗೆ ಹೇಳಿದರು: “ಗೌರಿ ಅಬ್ಬಕ್ಕೆ ನಮ್ಮೂರೆಣ್ಣ ಕಳ್ಸೋದ ಮರೀಬ್ಯಾಡಿ ಬೀಗ್ರೇ. ಕರೆಯಾಕೆ ಊರ್ನೋರೇ ಬತ್ತೀವಿ.”

ಸಿದ್ದಮ್ಮ ದಾರಿಯ ಮಗ್ಗುಲಲ್ಲೇ ಕುಕ್ಕರಿಸಿ ಜೋರಾಗಿ ಅತ್ತರು. ಸುಮ್ಮನಿರು ಎಂದು ಯಾರೂ ಅನ್ನಲಿಲ್ಲ.