ಪರದೇಶದಲ್ಲಿ ನನ್ನ ಹೆಸರಿನ ಕಂಪನಿ

ಮೊಮ್ಮಗಳಿಗೆ ಮೋಸ ಆಯಿತು ಅಂತ ನಮ್ಮೂರು ಹಂಗಳದಲ್ಲಿ ಮಾತಾಡಿಕೊಳ್ಳುತ್ತಾರೆ. ಅದು ಅರ್ಧ ಸುಳ್ಳು. ಮೋಸಗಾರ ಒಬ್ಬ ಇದ್ದ, ನಿಜ. ಆದರೆ ಅವನ ಕೈಗೆ ನನ್ನ ಹೆಸರನ್ನು ಎತ್ತಿ ಕೊಟ್ಟವರು ನಾವಿಬ್ಬರೇ. ಅದೂ ಒಳ್ಳೆಯ ಗಳಿಗೆ ನೋಡಿ, ಕಾಗದಕ್ಕೆ ಕುಂಕುಮ ಹಚ್ಚಿ ಕೊಟ್ಟೆವು.

ಮೊಮ್ಮಗಳು ಬಿ.ಕಾಂ. ಮುಗಿಸಿ ಮನೆ ಹಿಂದಿನ ಶೆಡ್ಡಿನಲ್ಲಿ ಅರಿಶಿನದ ಮಿಲ್ಲು ಹಾಕಿದ್ದಳು. ಸುತ್ತಲಿನ ಹೊಲಗಳ ಅರಿಶಿನ ತಂದು, ಬೇಯಿಸಿ, ಒಣಗಿಸಿ, ಪುಡಿ ಮಾಡಿ ಮೂಟೆ ಕಟ್ಟುವಳು. ದಲ್ಲಾಳಿಗಳು ಆ ಪುಡಿಯನ್ನು ಒಯ್ದು ತಮ್ಮ ಲೇಬಲ್ಲು ಅಂಟಿಸಿ ಮಾರುತ್ತಿದ್ದರು. ಅದೊಂದನ್ನು ಅವಳು ಸಹಿಸುತ್ತಿರಲಿಲ್ಲ. ತನ್ನ ಲೇಬಲ್ಲಿನ ಪೊಟ್ಟಣ ದುಬೈ ಅಂಗಡಿಯಲ್ಲಿ ಕೂರಬೇಕು ಅನ್ನುವುದು ಅವಳ ಹಟ. ಅವಳ ಅಪ್ಪ ಅಮ್ಮ ಹೊಲದ ಕೆಲಸ ಬಿಟ್ಟು ಇದಕ್ಕೆ ತಲೆ ಹಾಕಲಿಲ್ಲ.

ಫೋನಿನಲ್ಲಿ ಪರಿಚಯವಾದ ಏಜೆಂಟನೊಬ್ಬ ಮೈಸೂರಿನಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲ್ಲನೆಯ ಮಾತು. ದುಬೈಗೆ ಹೋಗುವುದೇ ಬೇಡ, ಇಲ್ಲಿ ಕೂತೇ ಅಲ್ಲಿ ಕಂಪನಿ ರಿಜಿಸ್ಟರ್ ಮಾಡಿಸಬಹುದು, ಲೈಸೆನ್ಸ್ ಕೈಗೆ ಬಂದರೆ ಅಂಗಡಿಯವರು ನೇರವಾಗಿ ನಮ್ಮಿಂದಲೇ ಕೊಳ್ಳುತ್ತಾರೆ ಅಂದ. ಬೇಕಾದದ್ದು ಪಾಸ್‌ಪೋರ್ಟು, ಫೋಟೋ, ಒಂದಿಷ್ಟು ಸಹಿ. ನಾನು ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ. ಆರಿ ಕೆನೆ ಕಟ್ಟಿತು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಮೊಮ್ಮಗಳ ಪಾಸ್‌ಪೋರ್ಟು ಬಂದಿರಲಿಲ್ಲ. ಅವಳ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಅದಕ್ಕೇ ತಡೆ ಹಿಡಿದಿದ್ದರು. ನನ್ನ ಪಾಸ್‌ಪೋರ್ಟು ಟ್ರಂಕಿನಲ್ಲಿ ಬಿದ್ದಿತ್ತು. ನೇಪಾಳದ ಯಾತ್ರೆಗೆ ಅಂತ ಮಾಡಿಸಿದ್ದು, ಮಂಡಿ ನೋವು ಬಂದು ಹೋಗಲಾಗಲಿಲ್ಲ. ಒಂದು ಹಾಳೆಗೂ ಮುದ್ರೆ ಬಿದ್ದಿರಲಿಲ್ಲ. ಸದ್ಯಕ್ಕೆ ಅಜ್ಜಿ ಹೆಸರಲ್ಲಿ ಮಾಡೋಣ, ಆಮೇಲೆ ಬದಲಾಯಿಸಿದರಾಯಿತು ಅಂತ ಏಜೆಂಟ ಹೇಳಿದ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬಿತ್ತುವಾಗ ಮೊದಲ ಗೆಡ್ಡೆ, ಬೇಯಿಸುವಾಗ ಕೊಪ್ಪರಿಗೆಗೆ ಮೊದಲ ಹಿಡಿ, ಏನೇ ಶುರು ಮಾಡಿದರೂ ಹಿರಿಯ ಹೆಂಗಸಿನ ಕೈ ಮೊದಲು ಬೀಳಬೇಕು. ಅತ್ತೆಯ ನಂತರ ಆ ಕೈ ನನ್ನದು. ಮಿಲ್ಲಿನ ಸ್ವಿಚ್ಚನ್ನೂ ನಾನೇ ಒತ್ತಿದ್ದೆ. ಹಾಗಾಗಿ ಪಾಸ್‌ಪೋರ್ಟು ನನ್ನದೇ ಆದದ್ದು ಮೊಮ್ಮಗಳಿಗೆ ಶುಭವಾಗಿಯೇ ಕಂಡಿತು.

"ನಿನ್ ಕೈಯೇ ಮೊದ್ಲು ಬೀಳ್ಲಿ ಕಣಜ್ಜಿ" ಅಂದಳು.

ಗೆಡ್ಡೆ ಬಿತ್ತಿದರೆ ನೆಲ ನನ್ನ ಹೆಸರು ಕೇಳುವುದಿಲ್ಲ. ಕಾಗದ ಕೇಳುತ್ತದೆ. ಆ ಬುದ್ಧಿ ಅವತ್ತು ಇಬ್ಬರಿಗೂ ಹೊಳೆಯಲಿಲ್ಲ.

ಗುಂಡ್ಲುಪೇಟೆಯ ನೋಟರಿ ಹತ್ತಿರ ಹೋದೆವು. ನನ್ನ ಪರವಾಗಿ ಎಲ್ಲ ವ್ಯವಹಾರ ಏಜೆಂಟನೇ ಮಾಡಬಹುದು ಅನ್ನುವ ಪತ್ರ ಅದು, ನನಗೆ ಗೊತ್ತಾದದ್ದು ಆಮೇಲೆ. ಮೂರನೇ ಕ್ಲಾಸು ಓದಿದವಳು ನಾನು, ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತೇನೆ. ಪ್ರತಿ ಹಾಳೆಗೂ ಸಹಿ. ಹಿಂದೆ ನಿಂತವರು ಗೊಣಗಿದರು. ಹಾಳೆಯಲ್ಲಿ ಏನಿದೆ ಅಂತ ನೋಟರಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ದುಬೈ ಕಚೇರಿಯಿಂದ ವಿಡಿಯೋ ಕಾಲ್. ಪರದೆಯ ಮೇಲೆ ಒಬ್ಬ ಹುಡುಗಿ ಬಂದು ಇಂಗ್ಲಿಷಿನಲ್ಲಿ ಕೇಳಿದಳು. ಪಾಸ್‌ಪೋರ್ಟನ್ನು ಕೆನ್ನೆಯ ಪಕ್ಕ ಹಿಡಿಸಿದಳು, ಮುಖ ಎಡಕ್ಕೆ ಬಲಕ್ಕೆ ತಿರುಗಿಸಿದಳು. ಮೊಮ್ಮಗಳು ಫೋನಿನ ಹಿಂದೆ ಕೂತು ತಲೆ ಆಡಿಸಿದರೆ ನಾನು ಎಸ್, ಕೈ ಆಡಿಸಿದರೆ ನೋ. ಎಸ್ ಅಂದೆ, ಎಸ್ ಅಂದೆ, ಒಂದು ಸಲ ನೋ ಅಂದೆ. ಮುಗಿದ ಮೇಲೆ ಆ ನೋ ಯಾವುದಕ್ಕೆ ಅಂತ ಕೇಳಿದೆ. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಕೇಳಿದ್ದಳಂತೆ.

ಲೈಸೆನ್ಸ್ ಬಂತು. ಮೊಮ್ಮಗಳು ಅದರ ಪ್ರಿಂಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ನೇತುಹಾಕಿದಳು. ಊರಿನ ಗಂಡಸರು ನನ್ನನ್ನು ಓನರಮ್ಮ ಅಂತ ಕರೆಯಲು ಶುರು ಮಾಡಿದರು. ಹಾಲಿನ ಡೇರಿಯವನು, "ಏರೋಪ್ಲೇನ್ ಯಾವಾಗ್ ಬತ್ತದೆ ಓನರಮ್ಮ, ನಮ್ ಹಾಲ್ನೂ ಏರ್ಸನ" ಅಂದ. ನಿನ್ನ ಹಾಲು ದುಬೈ ಮುಟ್ಟುವಷ್ಟರಲ್ಲಿ ನೀರು ಆವಿಯಾಗಿ ಕ್ಯಾನು ಬರಿದಾಗಿರುತ್ತದೆ ಅಂದೆ.

ಮೂರು ಮೂಟೆ ಪುಡಿ ಮಾದರಿಗೆ ಅಂತ ಹೋಯಿತು. ಕೊಚ್ಚಿ ಬಂದರಿಗೆ ಒಯ್ಯುವ ವ್ಯಾನಿನವನು ರಾತ್ರಿ ಬಂಡೀಪುರ ಕಾಡಿನ ಗೇಟು ಹಾಕುವ ಮೊದಲೇ ದಾಟಬೇಕು ಅಂತ ಅವಸರ ಮಾಡಿದ. ಕಳಿಸಿದ್ದು ಅಷ್ಟೇ. ಅದರ ಸುದ್ದಿ ಕೇಳಿದರೆ ಏಜೆಂಟ ಕಸ್ಟಮ್ಸ್ ಅನ್ನುವನು, ಬರುತ್ತದೆ ಅನ್ನುವನು.

ಬಂದದ್ದು ಲಕೋಟೆಗಳು, ನಾವು ಮಾಡಿಯೇ ಇರದ ವ್ಯವಹಾರಕ್ಕೆ ಲೆಕ್ಕ ಕೇಳಿ ದುಬೈ ಬ್ಯಾಂಕಿನವರು ಕಳಿಸಿದ್ದು. ಮೊಮ್ಮಗಳು ಒಂದನ್ನು ಒಡೆದು ಓದಿ ಮಡಚಿದಳು, ಎರಡನೆಯದನ್ನೂ ಮಡಚಿದಳು. ಮೂರನೆಯದು ಬಂದಾಗ ಊಟ ಬಿಟ್ಟಳು. ಆಮೇಲೆ ಫೋನು. ಯಾರೋ ಗಂಡಸು, ಪಾಸ್‌ಪೋರ್ಟಿನಲ್ಲಿರುವ ಹಾಗೆ ನನ್ನ ಹೆಸರು, ಅಪ್ಪನ ಹೆಸರು, ಗಂಡನ ಹೆಸರು ಸೇರಿಸಿ ಉದ್ದಕ್ಕೆ ಕರೆಯುತ್ತಿದ್ದ. ನಾನು ಹೂಂ ಅಂದ ತಕ್ಷಣ ಇಟ್ಟುಬಿಡುತ್ತಿದ್ದ. ಅಷ್ಟುದ್ದದ ಹೆಸರಿನಿಂದ ನನ್ನನ್ನು ಹುಟ್ಟಿದಾಗಿನಿಂದ ಯಾರೂ ಕರೆದಿರಲಿಲ್ಲ. ನಾನಿದ್ದೇನೋ ಇಲ್ಲವೋ ಅಂತ ನೋಡುತ್ತಿದ್ದ ಹಾಗಿತ್ತು.

ಒಂದು ಮಧ್ಯಾಹ್ನ ಬಿಳಿ ಕಾರಿನಲ್ಲಿ ಇಬ್ಬರು ಬಂದರು. ಬ್ಯಾಂಕಿನ ಕಡೆಯವರು ಅಂದರು, ಯಾವ ಬ್ಯಾಂಕು ಅನ್ನಲಿಲ್ಲ. ನಾನು ಕಣದಲ್ಲಿ ಅರಿಶಿನ ಮಗುಚುತ್ತಿದ್ದೆ. ಒಬ್ಬ ಶೆಡ್ಡಿನ ಫೋಟೋ ತೆಗೆದ, ಆಮೇಲೆ ನನ್ನದು. ಗೋಡೌನು ಎಲ್ಲಿ ಅಂತ ಕೇಳಿದ. ಇದೇ ಅಂದೆ. ಅವನು ನಗಲಿಲ್ಲ. ನಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಮೊಮ್ಮಗಳ ಕೈಗೆ ಒಂದು ಹಾಳೆ ಕೊಟ್ಟ. ನಮ್ಮ ಕಂಪನಿಯ ಹೆಸರಿನಲ್ಲಿ ಬೇರೆ ಬೇರೆ ದೇಶಕ್ಕೆ ಹೋದ ಸರಕಿನ ಪಟ್ಟಿ. ಅದರಲ್ಲಿ ಅರಿಶಿನ ಎಲ್ಲೂ ಇರಲಿಲ್ಲ. ಇದ್ದದ್ದು ಏನು ಅಂತ ಬಿ.ಕಾಂ. ಓದಿದವಳಿಗೂ ಗೊತ್ತಾಗಲಿಲ್ಲ, ಯಾವುದೋ ಔಷಧದ ಪುಡಿಗಳ ಹೆಸರು ಅಂದಳು.

"ಒಡತಿ ಯಾರು?" ಅಂತ ಕೇಳಿದ.

"ನಾನೇ."

ನನ್ನ ಕೈ ನೋಡಿದ. ಬೆರಳಿಂದ ಮೊಣಕೈವರೆಗೆ ಹಳದಿ. ಮತ್ತೆ ಬರುತ್ತೇವೆ ಅಂತ ಹೇಳಿ ಹೋದರು.

ಅವರು ಹೋದ ಸ್ವಲ್ಪ ಹೊತ್ತಿಗೇ ಏಜೆಂಟನ ಫೋನು. ಅವರು ಬಂದದ್ದು ಅವನಿಗೆ ಆಗಲೇ ಗೊತ್ತಿತ್ತು. ಹಿಂದಿನ ವಾರ ಮೊಮ್ಮಗಳ ಪಾಸ್‌ಪೋರ್ಟು ಬಂದಿತ್ತು. ಕಂಪನಿಯನ್ನು ಅವಳ ಹೆಸರಿಗೆ ವರ್ಗಾಯಿಸುವ ಪತ್ರಗಳನ್ನು ಅವನು ಕೊರಿಯರಿನಲ್ಲಿ ಕಳಿಸಿಯೂ ಇದ್ದ. ಇವತ್ತೇ ಸಹಿ ಆಗಬೇಕು, ಓದಿದ ಹುಡುಗಿ ಇದ್ದರೆ ಬ್ಯಾಂಕಿನವರಿಗೆ ಉತ್ತರ ಕೊಡಲು ಸುಲಭ, ಅಜ್ಜಿಗೆ ಯಾಕೆ ಈ ವಯಸ್ಸಿನಲ್ಲಿ ತೊಂದರೆ ಅಂದನಂತೆ. ಇದಕ್ಕೆ ಮಾತ್ರ ನನ್ನ ಪರವಾಗಿ ಅವನ ಸಹಿ ನಡೆಯದಂತೆ; ಮೊದಲು ನನ್ನ ಸಹಿ, ಆಮೇಲೆ ಅವಳದು.

ಮೊಮ್ಮಗಳು ಪತ್ರಗಳನ್ನು ನನ್ನ ಮುಂದೆ ಹರಡಿ ಪೆನ್ನು ಕೊಟ್ಟಳು. ಕಣ್ಣು ಊದಿತ್ತು.

"ಮಾಡ್ಬುಡು ಅಜ್ಜಿ. ನಿನ್ ತಲೆ ಮೇಲಿಂದ ಇಳೀತದೆ."

"ಇಳ್ದು ಎಲ್ಲಿಗೋಯ್ತದೆ?"

ಅವಳು ಪತ್ರಗಳನ್ನು ನನ್ನ ಹತ್ತಿರಕ್ಕೆ ತಳ್ಳಿದಳು.

"ನಿನ್ ತಲೆಗೆ ತಾನೆ ಕಣಮ್ಮಿ? ನಾನಾದ್ರೆ ಇನ್ನೆಷ್ಟು ವರ್ಸ ಓಡಾಡ್ತೀನಿ. ನಿನ್ಗೆ ಇನ್ನೂ ಇಪ್ಪತ್ತಾರು."

"ಆಸೆ ಪಟ್ಟವ್ಳು ನಾನು. ನಿನ್ ಯಾಕ್ ಎಳ್ಕೊಂಡೋಗ್ಬೇಕು?"

"ಮೊದ್ಲು ಕೈ ಇಕ್ಕಿದವ್ಳು ನಾನು."

ಅವಳು ಅತ್ತಳು. ನಾನು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಕಣಕ್ಕೆ ಹೋಗಿ ಉಳಿದ ಅರಿಶಿನ ಮಗುಚಿದೆ. ಒಳಗಡೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಎತ್ತಲಿಲ್ಲ. ಎಷ್ಟು ದಿನ ಎತ್ತದೆ ಇರುತ್ತಾಳೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಕಾಯಬಾರದು ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಗೋಡೆಯ ಕಟ್ಟು ಬಿಚ್ಚಿ ಲೈಸೆನ್ಸಿನ ಹಾಳೆ ತೆಗೆದುಕೊಂಡೆ. ಲಕೋಟೆಗಳು, ಸಹಿ ಮಾಡದ ಪತ್ರಗಳು, ನನ್ನ ಪಾಸ್‌ಪೋರ್ಟು, ಎಲ್ಲವನ್ನೂ ಚೀಲಕ್ಕೆ ಹಾಕಿದೆ. ಮೊಮ್ಮಗಳ ಹೊಸ ಪಾಸ್‌ಪೋರ್ಟು ಅವಳ ದಿಂಬಿನ ಕೆಳಗಿತ್ತು. ಅದನ್ನೂ ಎಳೆದುಕೊಂಡು ರವಿಕೆಯೊಳಗೆ ಇಟ್ಟುಕೊಂಡೆ, ನಾನಿಲ್ಲದಾಗ ಯಾರ ಕೈಗೂ ಸಿಗದ ಹಾಗೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಚಾಮರಾಜನಗರಕ್ಕೆ ಹೋದೆ. ಪೊಲೀಸರ ಸೈಬರ್ ಠಾಣೆ ಎಲ್ಲಿ ಅಂತ ಕೇಳಿಕೊಂಡು ಹೋಗಿ, ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಪೊಲೀಸಿನವರೊಬ್ಬರು ಏನಜ್ಜಿ, ಫೋನು ಕಳೆದುಕೊಂಡ್ಯಾ ಅಂತ ಕೇಳಿದರು. ಚೀಲದಲ್ಲಿದ್ದದ್ದನ್ನೆಲ್ಲ ಅವರ ಮೇಜಿನ ಮೇಲೆ ಸುರಿದೆ.

"ಕಂಪನಿ ನಂದು, ಸಹಿ ನಂದು. ಮೊದ್ಲು ಅದ ಬರ್ಕೊಳಿ ಸ್ವಾಮಿ, ಮಿಕ್ಕಿದ್ದ ಆಮೇಲೆ ಯೋಳ್ತೀನಿ" ಅಂದೆ.