ಅಲ್ಲಾಬಕ್ಷ್‌ರ ಲಾಯದಲ್ಲಿ ಜರ್ಮನ್ ನಾಯಿ

ಆಗಷ್ಟೇ ಬೆಳಕು ಹರಿಯುತ್ತಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ಮೇಲೇಳದೆ ಬೀದಿಯಲ್ಲೇ ತೆವಳುತ್ತಿದೆ. ಭತ್ತದ ಗೋದಾಮಿನ ಬಾಗಿಲು ತೆರೆದು ಅಲ್ಲಾಬಕ್ಷ್ ಪಕ್ಕಕ್ಕೆ ಸರಿಯುತ್ತಾರೆ. ಕಪ್ಪು ಮೈಯ, ಕಂದು ಹುಬ್ಬಿನ, ಮೊಣಕಾಲೆತ್ತರದ ನಾಯಿಯೊಂದು ಸದ್ದಿಲ್ಲದೆ ಒಳಗೆ ನುಸುಳುತ್ತದೆ. ಚೀಲಗಳ ಸಂದಿಯಲ್ಲಿ ಸಣ್ಣದೊಂದು ಚೀರಾಟ, ಆಮೇಲೆ ನಿಶ್ಶಬ್ದ. ಸತ್ತ ಇಲಿಯನ್ನು ತಂದು ಅವರ ಕಾಲ ಬಳಿ ಇಟ್ಟು ನಾಯಿ ಮತ್ತೆ ಕತ್ತಲಿಗೆ ಇಳಿಯುತ್ತದೆ.

"ಕೆಲ್ಸದಾಗ ಬೊಗಳೋದಿಲ್ಲ ರೀ ನಮ್ಮ ಸಿಪಾಯಿ. ಉಸಿರು ಸೈತ ಕೇಳ್ಸಲ್ಲ," ಎನ್ನುತ್ತಾರೆ, ನೋಡಲೆಂದು ಜೊತೆಗೆ ಬಂದ ನನಗೆ.

ಭಟ್ಟಿಯವರು ಅವರನ್ನು ಕರೆಯುವುದು 'ಇಲಿ ಬಕ್ಷಣ್ಣ' ಎಂದು. ರೈಲ್ವೆ ಸ್ಟೇಷನ್ ಮುಂದೆ ಮೂವತ್ತು ವರ್ಷ ಜಟಕಾ ಹೊಡೆದವರು ಎಂಬುದು ಹಳಬರಿಗಷ್ಟೇ ನೆನಪಿದೆ. ಆಟೋಗಳು ಬಂದ ಮೇಲೂ ಅವರು ಗಾಡಿ ಬಿಡಲಿಲ್ಲ. ಎಂಟು ವರ್ಷಗಳ ಹಿಂದೆ, ತೊಂಬತ್ತಾರರಲ್ಲಿ, ಬಿಳಿ ಕುದುರೆ ಚಾಂದನಿಗೆ ಹೊಟ್ಟೆಶೂಲೆ ಬಂತು. ಔಷಧಿ ತರಲು ಓಡಿದವರು ವಾಪಸ್ ಬರುವಷ್ಟರಲ್ಲಿ ಅದು ಕಣ್ಣು ಮುಚ್ಚಿತ್ತು.

ಮರುವರ್ಷ ನಾಯಿಮರಿ ಬಂತು. ಹರಿಹರದ ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರ್ ಊರಿಗೆ ಮರಳುವಾಗ ತಮ್ಮ ಜೋಡಿ ನಾಯಿಗಳನ್ನು ಕಾವಲುಗಾರ ಮೈಲಪ್ಪನಿಗೆ ಬಿಟ್ಟುಹೋಗಿದ್ದರು. ಅವುಗಳ ಮರಿಗಳಲ್ಲಿ ಮೈಲಪ್ಪ ಅಲ್ಲಾಬಕ್ಷ್‌ರಿಗೆ ಕೊಟ್ಟದ್ದೇ ಸಿಪಾಯಿ. ಕುದುರೆಯನ್ನು ಅದು ನೋಡಿಯೇ ಇರಲಿಲ್ಲ.

ಆದರೂ ಬಂದ ದಿನವೇ ಅದು ಹಾಸಿದ ಗೋಣಿತಟ್ಟನ್ನು ಬಿಟ್ಟು ಖಾಲಿ ಲಾಯಕ್ಕೆ ಹೋಗಿ ಮಲಗಿತು. ಬೆಳಿಗ್ಗೆ ತಟ್ಟನೆ ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, ಒಳಗಿನಿಂದ ಯಾರೋ ಹೊರಗೆ ಬರಲಿ ಎಂಬಂತೆ ದಾರಿ ಬಿಟ್ಟಿತು. ನಂತರ ಅಂಗಳದಲ್ಲಿದ್ದ ಜಟಕಾದ ಅಚ್ಚಿನ ಕೆಳಗೆ ನುಸುಳಿ, ಗಾಡಿ ಹೊರಡುವುದನ್ನೇ ಕಾಯುತ್ತ ನಿಂತಿತು. ಪ್ರತಿ ಬೆಳಗೂ ಹೀಗೇ.

"ಗೋಣೆತ್ತಿ ನೋಡ್ತಿತ್ತು ರೀ, ಯಾರದೋ ಮುಖ ನೋಡ್ದಂಗ," ಎನ್ನುತ್ತಾರೆ ಅವರ ಹೆಂಡತಿ ರಹಮತ್ ಬೀ. "ಅಷ್ಟೆತ್ತರದಾಗ ಏನೂ ಇರ್ಲಿಲ್ಲ. ಮೊಮ್ಮಗಳು ಮಹೀನ್ ಅಂಗಳಕ್ಕ ಬರೋದ ಬಿಟ್ಳು. ಇದನ್ನ ಕೊಟ್ಟು ಬರ್ರಿ, ಇಲ್ಲಾಂದ್ರ ನಾನು ಮಗಳ ಮನಿಗೆ ಹೋಗ್ತೀನಿ ಅಂದೆ."

ಹಗ್ಗ ಕಟ್ಟಿ ಹರಿಹರಕ್ಕೆ ಹೊರಟ ಅಲ್ಲಾಬಕ್ಷ್, ಅದರ ಕಿವಿಯ ಗಾಯ ತೋರಿಸಲು ದಾರಿಯಲ್ಲಿ ಪಶುವೈದ್ಯ ವಾಮದೇವಪ್ಪನವರಲ್ಲಿಗೆ ಹೋದರು. ಡಾಕ್ಟರು ನಾಯಿಯನ್ನು ನೋಡುತ್ತಲೇ ಬೆರಗಾದರು. ಇದು ಪಿನ್ಷರ್ ತಳಿಯದು ಎಂದರು. ಜರ್ಮನಿಯಲ್ಲಿ ಇವುಗಳ ಹಿರೀಕರು ಇದ್ದದ್ದೇ ಕುದುರೆ ಲಾಯಗಳಲ್ಲಿ. ಇಲಿ ಹಿಡಿಯುವುದು, ಸಾರೋಟಿನ ಜೊತೆ ಓಡುವುದು ಅವುಗಳ ಕೆಲಸ. ಒಂದೇ ಸೂಲಿನಲ್ಲಿ ಗಡ್ಡದ ಮರಿಗಳೂ ನುಣುಪು ಮೈಯ ಮರಿಗಳೂ ಹುಟ್ಟುತ್ತಿದ್ದವು. ಗಡ್ಡದವು ಮುಂದೆ ಬೇರೆ ತಳಿಯಾದವು. ಒಬ್ಬ ತೆರಿಗೆ ವಸೂಲಿದಾರ ಬೆಳೆಸಿದ ಡಾಬರ್‌ಮನ್ ತಳಿಯಲ್ಲೂ ಇವುಗಳ ರಕ್ತವಿದೆ ಎನ್ನುತ್ತಾರೆ. ಮಹಾಯುದ್ಧದ ನಂತರ ಪಿನ್ಷರ್ ಸಂತತಿಯೇ ಅಳಿಯುವುದರಲ್ಲಿತ್ತು. ಅಲ್ಲಿಷ್ಟು ಇಲ್ಲಿಷ್ಟು ಉಳಿದಿದ್ದವನ್ನು ಹುಡುಕಿ ತಂದು ಮತ್ತೆ ಬೆಳೆಸಿದರಂತೆ.

"ಇಲಿ ಹಿಡಿಯೋದು ರಕ್ತದಾಗ ಬರ್ತೈತೆ, ಒಪ್ಪಣ," ಎಂದರಂತೆ ಡಾಕ್ಟರು. "ಇಲ್ಲದ ಕುದುರೆಗೆ ಯಾಕ ದಾರಿ ಬಿಡ್ತೈತೋ, ನನಗ ಗೊತ್ತಿಲ್ಲಪ್ಪ."

ಅಲ್ಲಾಬಕ್ಷ್ ಹರಿಹರಕ್ಕೆ ಹೋಗಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಹೇಳಿದರು. ರಹಮತ್ ಬೀ ಒಂದು ರೊಟ್ಟಿ ಮುರಿದು ಲಾಯದ ಹೊಸ್ತಿಲ ಮೇಲಿಟ್ಟರು. ಮರುದಿನವೇ ಅಲ್ಲಾಬಕ್ಷ್ ಸಿಪಾಯಿಯನ್ನು ಗೋದಾಮಿಗೆ ಕರೆದೊಯ್ದರು. ಜಟಕಾ ನಿಂತ ಮೇಲೆ ಆರಿದ್ದ ಒಲೆ ಈಗ ಇಲಿ ಹಿಡಿದ ಕೂಲಿಯಿಂದ ಎರಡು ಹೊತ್ತೂ ಉರಿಯುತ್ತದೆ.

ಗೋದಾಮಿನಿಂದ ಅವರ ಜೊತೆ ನಾನೂ ಮನೆಗೆ ಬರುತ್ತೇನೆ. ಲಾಯದ ಬಾಗಿಲಲ್ಲಿ ಸಿಪಾಯಿ ಗಕ್ಕನೆ ನಿಲ್ಲುತ್ತದೆ. ಕತ್ತೆತ್ತುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಒಳಗೆ ಒಣ ಹುಲ್ಲು, ಖಾಲಿ ಗೋಡೆ ಬಿಟ್ಟರೆ ಏನೂ ಇಲ್ಲ. ಆದರೆ ನೋಡುತ್ತೇನೆ, ನಾನೂ ಗೋಡೆಗೆ ಒತ್ತಿ ನಿಂತಿದ್ದೇನೆ, ದಾರಿ ಬಿಟ್ಟು.

ಅಲ್ಲಾಬಕ್ಷ್ ನಗುವುದಿಲ್ಲ. ನಾಯಿಯ ಬೆನ್ನು ಸವರುತ್ತಾರೆ.

"ನಂದೊಂದ ಆಸೆ ಐತ್ರಿ. ಇದಕ್ಕ ಒಂದ್ಸಲ ಜೀವಂತ ಕುದ್ರಿ ತೋರಿಸ್ಬೇಕು. ಅದನ್ನ ನೋಡಿದ ಮ್ಯಾಲೂ ಇದು ನಮ್ಮ ಲಾಯದ ಕಡೆನೇ ತಿರುಗ್ತಂದ್ರ, ನಾನೂ ಅಲ್ಲಿ ನಿಂತು ಚಾಂದನಿಗೆ ಸಲಾಂ ಹೇಳ್ತೀನಿ. ಅವತ್ತು ಹೇಳೋಕ ಆಗ್ಲಿಲ್ಲ."